ಕ್ಯಾಪ್ ತೆಗೆದು ಮೊನೆ ನೋಡು: ಪೆನ್ನು ಆಮದಿಗೆ ಇಳಿದ ಸೊಸೆಗೆ ಸೋದರಮಾವನ ಕಿವಿಮಾತು

ಅವೆನ್ಯೂ ರಸ್ತೆಯ ಅಂಗಡಿ ಇನ್ನು ನಿನ್ನ ಕೈಗೆ ಬಂತು ಕಣಮ್ಮ. ಹೋಲ್‌ಸೇಲ್‌ನವರು ಕಳಿಸಿದ್ದನ್ನು ಮಾರಿಕೊಂಡಿದ್ದ ಅಂಗಡಿ ಅದು. ನೀನು ಜಪಾನ್, ಜರ್ಮನಿ, ಚೀನಾದಿಂದ ನೇರವಾಗಿ ಮಾಲು ತರಿಸುತ್ತೇನೆ ಅಂತಿದ್ದೀಯ, ಸಂತೋಷ. ಪಾರ್ಟಿಗಳಿಗೆ ಬಿಲ್ ಆಫ್ ಎಂಟ್ರಿ ಹಾಕಿಕೊಟ್ಟೇ ನನ್ನ ತಲೆ ನೆರೆತದ್ದು. ನಿನ್ನ ಬ್ರೋಕರ್ ಎಷ್ಟೇ ಜಾಣನಾಗಿರಲಿ, ಪೆನ್ನು ಯಾವ ಹೆಡಿಂಗಿಗೆ ಬೀಳುತ್ತದೆ ಅನ್ನುವುದು ನಿನಗೂ ಗೊತ್ತಿರಬೇಕು. ಏಕೆಂದರೆ ನೋಟಿಸ್ ಬರುವುದು ನಿನ್ನ ಹೆಸರಿಗೆ.

• ನಂಬರ್ ಹುಡುಕುವ ಮೊದಲು ಕ್ಯಾಪ್ ತೆಗೆದು ಮೊನೆ ನೋಡು. ಬ್ರ್ಯಾಂಡು, ಬಣ್ಣ, ಡಬ್ಬಿಯ ಅಂದಚೆಂದ ಇವು ಯಾವುವೂ ಟ್ಯಾರಿಫಿಗೆ ಬೇಡ. ಶಾಯಿ ಕಾಗದಕ್ಕೆ ಹೇಗೆ ಇಳಿಯುತ್ತದೆ ಅನ್ನುವುದೊಂದೇ ಅದರ ಪ್ರಶ್ನೆ. ತುದಿಯಲ್ಲಿ ಗುಂಡು ಉರುಳಿದರೆ 9608 10. ಜೆಲ್ ಪೆನ್ನು, ರೋಲರ್‌ಬಾಲ್ ಎಲ್ಲ ಇಲ್ಲಿಗೇ. ಫೆಲ್ಟು ಅಥವಾ ನಾರಿನ ಮೊನೆಯಾದರೆ 9608 20. ಸ್ಕೆಚ್ ಪೆನ್ನು, ಹೈಲೈಟರ್, ವೈಟ್‌ಬೋರ್ಡ್ ಮಾರ್ಕರ್ ಇದರ ಮಕ್ಕಳು. ನಿಬ್ಬಿದ್ದರೆ 9608 30. ಗುಂಡಿ ಒತ್ತಿದರೆ ಸೀಸ ಮುಂದೆ ಬರುವ ಪೆನ್ಸಿಲ್ 9608 40. ಮರದೊಳಗೆ ಸೀಸ ಕೂತ ನಮ್ಮ ಸಾದಾ ಪೆನ್ಸಿಲ್ ಮಾತ್ರ ಪಕ್ಕದ ಮನೆ, 9609 10. ಮೋಸ ಹೋಗುವುದು ಫೈನ್‌ಲೈನರ್‌ನಲ್ಲಿ. ಸೂಜಿಯಂಥ ಉಕ್ಕಿನ ಕೊಳವೆ ಕಂಡ ತಕ್ಷಣ ಬಾಲ್‌ಪೆನ್ ಅಂತ ಬರೆದುಬಿಡುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಆ ಕೊಳವೆಯ ಬಾಯಿಂದ ಕೂದಲೆಳೆಯಷ್ಟು ನಾರು ಹೊರಗೆ ಇಣುಕಿರುತ್ತದೆ, ಗುಂಡು ಇರುವುದೇ ಇಲ್ಲ. ಅದು 9608 20. ಒಂದು ಭೂತಗನ್ನಡಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರಲಿ.

• ಇನ್‌ವಾಯ್ಸಿನಲ್ಲಿ ಸಪ್ಲೈಯರ್ ಹಾಕಿದ ಕೋಡನ್ನು ಹಾಗೆಹಾಗೇ ಇಳಿಸಿಕೊಳ್ಳಬೇಡ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ ಪದ್ಧತಿ 1988ರಲ್ಲಿ ಜಾರಿಗೆ ಬಂತು. ಅದರಲ್ಲಿ ಎಲ್ಲ ದೇಶಕ್ಕೂ ಸಮಾನವಾಗಿರುವುದು ಮೊದಲ ಆರು ಅಂಕಿ ಮಾತ್ರ. ಮುಂದಿನ ಅಂಕಿಗಳು ಆಯಾ ದೇಶದವರು ಇಟ್ಟುಕೊಂಡದ್ದು; ನಮ್ಮಲ್ಲಿ 2003ರಿಂದ ಎಂಟಂಕಿ. ಚೀನಾದವನ ಎಂಟಂಕಿಗೂ ನಮ್ಮ ಎಂಟಂಕಿಗೂ ಸಂಬಂಧವಿಲ್ಲ. ಆ ಆರು ಅಂಕಿಯೂ ಹಳತಾಗಿರಬಹುದು. ಫೌಂಟನ್ ಪೆನ್ನಿಗೆ 9608 39 ಅಂತ ಬರೆದ ಕ್ಯಾಟಲಾಗ್ ಬಂದರೆ ಅದು 2012ಕ್ಕಿಂತ ಹಿಂದಿನ ಪಟ್ಟಿ ಅಂತ ತಿಳಿ.

• ಹೆಡಿಂಗ್ ಓದುವ ಮುಂಚೆ 96ನೇ ಅಧ್ಯಾಯದ ತಲೆಯಲ್ಲಿರುವ ಟಿಪ್ಪಣಿ ಓದು. ಅರ್ಧ ಜಗಳ ಅಲ್ಲೇ ತೀರುತ್ತದೆ. ಚಿನ್ನದ ಮೈಯ ಪೆನ್ನು ಬಂದರೆ ಆಭರಣದ 71ನೇ ಅಧ್ಯಾಯಕ್ಕೆ ಹೋಗುತ್ತದೇನೋ ಅಂತ ಹೊಸಬರು ಗಾಬರಿಯಾಗುತ್ತಾರೆ. ನಾಲ್ಕನೇ ಟಿಪ್ಪಣಿ ನೋಡು: ಚಿನ್ನ, ಬೆಳ್ಳಿ, ಮುತ್ತು, ರತ್ನ ಏನೇ ಕೂರಿಸಿದರೂ ಪೆನ್ನು ಪೆನ್ನಾಗಿಯೇ 9608ರಲ್ಲಿ ಉಳಿಯುತ್ತದೆ. ಒಂದನೇ ಟಿಪ್ಪಣಿ ಹೊರಗೆ ಹಾಕುವವರ ಪಟ್ಟಿ. ಹುಬ್ಬು ತೀಡುವ ಪೆನ್ಸಿಲ್ ಕಾಡಿಗೆ, ಲಿಪ್‌ಸ್ಟಿಕ್ಕಿನ ಜೊತೆ 33ನೇ ಅಧ್ಯಾಯಕ್ಕೆ ಹೋಗುತ್ತದೆ.

• ನೂರು ಡಾಲರಿನ ಗೆರೆಯ ಹತ್ತಿರ ಬಂದಾಗ ಕ್ಯಾಲ್ಕುಲೇಟರ್ ತೆಗೆ. ನಮ್ಮ ಟ್ಯಾರಿಫಿನಲ್ಲಿ ಒಂದು ಪೆನ್ನಿಗೆ ಸಿಐಎಫ್ 100 ಡಾಲರ್ ಅಥವಾ ಹೆಚ್ಚಿದ್ದರೆ ಅದು ದುಬಾರಿ ಪೆನ್ನು, ಅದಕ್ಕೆ ಬೇರೆ ಐಟಂ. ದ್ರವಶಾಯಿಯ ರೋಲರ್‌ಬಾಲ್ ಆದರೆ 9608 10 11. ಮೈ ಅಥವಾ ಕ್ಯಾಪ್ ಬೆಲೆಬಾಳುವ ಲೋಹದ್ದಾದರೆ 9608 10 12. ಇನ್ನುಳಿದದ್ದು 9608 10 19. ಸಿಐಎಫ್ ಅಂದರೆ ಮಾಲಿನ ಬೆಲೆಗೆ ಇನ್ಶೂರೆನ್ಸೂ ಸಾಗಣೆಯೂ ಸೇರಿದ ಮೊತ್ತ, ಆ ಮೂರಕ್ಷರ ಮರೆಯಬೇಡ. ಅವೆರಡೂ ಸೇರದ ಎಫ್‌ಒಬಿ ಬೆಲೆ 95 ಡಾಲರ್ ಅಂತ ನಿಶ್ಚಿಂತೆಯಾಗಿದ್ದೀಯ ಅನ್ನು. ವಿಮಾನದ ಬಾಡಿಗೆಯ ಪಾಲು ಪೆನ್ನಿಗೆ 4 ಡಾಲರ್ ಬಿತ್ತು. ಇನ್ಶೂರೆನ್ಸ್ ಎಷ್ಟು ಅನ್ನುವುದಕ್ಕೆ ಕಾಗದವಿಲ್ಲ, ಆಗ ಮೌಲ್ಯಮಾಪನ ನಿಯಮದ ಪ್ರಕಾರ ಎಫ್‌ಒಬಿಯ ಶೇ 1.125, ಅಂದರೆ 1.07 ಡಾಲರ್. ಒಟ್ಟು 100.07. ಗೆರೆ ದಾಟಿದೆ. ದುಬಾರಿ ಪೆನ್ನು, ಸಾದಾ ಪೆನ್ನು ಎರಡೂ ಐಟಮ್ಮಿಗೆ ಸುಂಕದ ದರ ಒಂದೇ ಇದ್ದರೂ ತಪ್ಪು ಐಟಂ ತಪ್ಪೇ. ಇನ್ಶೂರೆನ್ಸ್ ರಸೀದಿ ತರಿಸಿಕೊಂಡಿದ್ದರೆ ಈ ಲೆಕ್ಕವೇ ಬೇರೆಯಾಗುತ್ತಿತ್ತು.

• ಬಿಡಿಭಾಗ ತರಿಸುವಾಗ ಇನ್ನೂ ಹುಷಾರು. ಕೈಯಲ್ಲಿ ಎಬೊನೈಟ್ ಪೆನ್ನು ಕಡೆಯುವ ನಮ್ಮವರು ಜರ್ಮನಿಯ ನಿಬ್ಬು ಕೇಳಿಕೊಂಡು ನಿನ್ನ ಹತ್ತಿರ ಬಂದೇ ಬರುತ್ತಾರೆ. ನಿಬ್ಬು 9608 91. ಶಾಯಿ ಎಳೆಯುವ ಕನ್ವರ್ಟರ್, ಕ್ಲಿಪ್, ಕ್ಯಾಪ್ 9608 99. ಬಾಲ್‌ಪೆನ್ ರೀಫಿಲ್‌ಗೆ ಮೊನೆಯೂ ಇದೆ, ಶಾಯಿಯ ಕೊಳವೆಯೂ ಇದೆ, ಆದ್ದರಿಂದ 9608 60. ಫೌಂಟನ್ ಪೆನ್ನಿನ ಕಾರ್ಟ್ರಿಡ್ಜ್ ನೋಡಲು ಅದರ ತಮ್ಮನಂತೆಯೇ ಇದ್ದರೂ ಅದರಲ್ಲಿ ಮೊನೆ ಇಲ್ಲ, ಬರೀ ಶಾಯಿ; ಬಾಟಲಿ ಶಾಯಿಯ ಜೊತೆ 3215ಕ್ಕೆ ಹೋಗಬೇಕು. ಟಕ್ ಅನ್ನುವ ಪೆನ್ನಿನ ಒಳಗಿನ ಉಕ್ಕಿನ ಸ್ಪ್ರಿಂಗ್ ಮಾತ್ರ ಬೇರೆಯಾಗಿ ತರಿಸಿದರೆ ಪೆನ್ನಿನ ಭಾಗವಲ್ಲ, ಸಾಮಾನ್ಯ ಬಳಕೆಯ ಭಾಗ, 7320. ಅಧ್ಯಾಯದ ಒಂದನೇ ಟಿಪ್ಪಣಿಯೇ ಇದನ್ನು ಹೊರಗಿಟ್ಟಿದೆ.

• ಪೆನ್ನಿನಂತೆ ಕಾಣುವುದೆಲ್ಲ ಪೆನ್ನಲ್ಲ. ಇಂಜಿನಿಯರ್‌ಗಳ ಗೆರೆ ಎಳೆಯುವ ಗಣಿತದ ಪೆನ್ನು 9017. ಲೇಸರ್ ಪಾಯಿಂಟರ್ 9013. ರೋಮದ ಕುಂಚ 9603. ಅಂಗಡಿಯ ಉಳಿದ ಸಾಮಾನು ಕೇಳಿದೆಯಲ್ಲ: ರಬ್ಬರ್ 4016, ಶಾರ್ಪ್‌ನರ್ 8214, ವೈಟ್‌ಬೋರ್ಡ್ 9610, ತಪ್ಪು ಅಳಿಸುವ ಬಿಳಿ ದ್ರವ 3824. ಇವನ್ನೆಲ್ಲ ಒಟ್ಟಿಗೆ ‘ಸ್ಟೇಷನರಿ ಐಟಮ್ಸ್’ ಅಂತ ಒಂದೇ ಸಾಲಿನಲ್ಲಿ ಬರೆದು ಕಳಿಸುವ ಸಪ್ಲೈಯರನ್ನು ಮೊದಲ ದಿನವೇ ತಿದ್ದು.

• ಗಿಫ್ಟ್ ಸೆಟ್ಟಿಗೆ ಒಳಗೇನಿದೆ ನೋಡಿ ನಂಬರ್ ಕೊಡು. ಬಾಲ್‌ಪೆನ್ನೂ ಒತ್ತುವ ಪೆನ್ಸಿಲ್ಲೂ ಜೋಡಿಯಾಗಿದ್ದರೆ ಅದಕ್ಕೆಂದೇ 9608 50 ಇದೆ. ಪೆನ್ನಿನ ಜೊತೆ ಡೈರಿಯೋ ಕೀ ಚೈನೋ ಸೇರಿದರೆ ಟ್ಯಾರಿಫ್ ಅರ್ಥೈಸುವ ನಿಯಮಗಳಲ್ಲಿ ಮೂರನೆಯದಕ್ಕೆ ಹೋಗಬೇಕು, ಸೆಟ್ಟಿನ ಮುಖ್ಯ ಗುಣ ಯಾವುದರಿಂದ ಬಂದಿದೆ ಅಂತ ವಾದಿಸಬೇಕು. ವಾದ ಬೇಡವೆನಿಸಿದರೆ ಬೇರೆಬೇರೆ ತರಿಸಿ ಇಲ್ಲಿ ಡಬ್ಬಿಗೆ ಹಾಕಿಸು. ನಾನಾದರೆ ಹಾಗೇ ಮಾಡುತ್ತೇನೆ.

• ಸುಂಕ ಒಂದರ ಮೇಲೊಂದು ಕೂರುತ್ತದೆ. ಮೂಲ ಸುಂಕ, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಲೆಕ್ಕಕ್ಕೆ ಮೂಲ ಸುಂಕ ಶೇ 10 ಅಂತಿಟ್ಟುಕೋ. ನೂರು ರೂಪಾಯಿ ಮಾಲಿಗೆ 10, ಸರ್‌ಚಾರ್ಜ್ 1, ಆಮೇಲೆ 111ರ ಮೇಲೆ ಶೇ 18 ಅಂದರೆ 19.98. ಪೆನ್ನುಗಳಿಗೆಲ್ಲ ಒಂದೇ ಶೇ 18 ಆದದ್ದು 2021ರ ಅಕ್ಟೋಬರಿನಿಂದ. ಪೆನ್ಸಿಲ್, ಕ್ರೇಯಾನ್‌ಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೂನ್ಯ. ಇಲ್ಲೊಂದು ಗಮ್ಮತ್ತಿದೆ. ಒತ್ತುವ ಪೆನ್ಸಿಲ್ ಕಸ್ಟಮ್ಸಿನಲ್ಲಿ ಪೆನ್ನುಗಳ ಮನೆಯಲ್ಲಿ, 9608ರಲ್ಲಿ ಇದೆ. ಜಿಎಸ್‌ಟಿ ಪಟ್ಟಿಯಲ್ಲಿ ಮಾತ್ರ ಅದನ್ನು ಪೆನ್ಸಿಲ್ ಜೊತೆಯಲ್ಲೇ ಹೆಸರಿಸಿ ಸೇರಿಸಿದ್ದಾರೆ. ನಂಬರ್ 9608 ಅಂತ ಕಂಡ ಕೂಡಲೇ ಶೇ 18 ಕಟ್ಟುವ ಹುಡುಗರಿದ್ದಾರೆ. ಹೆಚ್ಚು ಕಟ್ಟಿದ್ದನ್ನು ವಾಪಸ್ ತರುವುದು ಸುಲಭವಲ್ಲ. ಮೊದಲು ಆ ಅಸೆಸ್‌ಮೆಂಟನ್ನೇ ಬದಲಾಯಿಸಿಕೊಳ್ಳಬೇಕು ಅಂತ 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

• ಜಪಾನಿನ ಮಾಲಿಗೆ 2011ರ ಒಪ್ಪಂದದ ರಿಯಾಯಿತಿ ಕೇಳುವಾಗ ಮೂಲದ ಸರ್ಟಿಫಿಕೇಟಿನ ಆರು ಅಂಕಿಯೂ ನಿನ್ನ ಬಿಲ್ಲಿನ ಆರು ಅಂಕಿಯೂ ಹೊಂದುತ್ತವೆಯಾ ನೋಡು. ಜಪಾನಿ ಬ್ರ್ಯಾಂಡಿನ ಪೆನ್ನು ಇನ್ನೊಂದು ದೇಶದ ಕಾರ್ಖಾನೆಯಲ್ಲಿ ತಯಾರಾಗಿದ್ದರೆ ಜಪಾನಿನ ರಿಯಾಯಿತಿಯ ಆಸೆ ಬಿಡು. 2020ರ ಕ್ಯಾರೋಟಾರ್ ನಿಯಮ ಬಂದ ಮೇಲೆ ಸರ್ಟಿಫಿಕೇಟ್ ಒಂದನ್ನೇ ತೋರಿಸಿದರೆ ಸಾಲದು, ಮಾಲು ಅಲ್ಲೇ ಹೇಗೆ ತಯಾರಾಯಿತು ಅನ್ನುವ ವಿವರವೂ ನಿನ್ನ ಕೈಯಲ್ಲಿರಬೇಕು.

• ವಿವರಣೆಯ ಕಾಲಮ್ಮಿನಲ್ಲಿ ಜಿಪುಣತನ ಬೇಡ. ಬರೀ ‘ಪೆನ್’ ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ‘ದ್ರವಶಾಯಿ ರೋಲರ್‌ಬಾಲ್, ಹಿತ್ತಾಳೆ ಮೈ, ಚಿನ್ನದ ಲೇಪ, ಮಾದರಿ ಸಂಖ್ಯೆ ಇಂಥದ್ದು’ ಅಂತ ಬಿಡಿಸಿ ಬರೆಸು. ನಾಳೆ ವರ್ಗೀಕರಣ ತಪ್ಪು ಅಂತಾದರೂ ನೀನು ಮುಚ್ಚಿಟ್ಟಿಲ್ಲ ಅನ್ನುವುದಕ್ಕೆ ಆ ಸಾಲೇ ಸಾಕ್ಷಿ. ಸಾಮಾನ್ಯವಾಗಿ ಹಿಂದಿನ ಎರಡು ವರ್ಷದ ಬಾಕಿ ಕೇಳಬಹುದು. ಬೇಕೆಂದೇ ಮುಚ್ಚಿಟ್ಟೆ ಅಂತಾದರೆ ಐದು ವರ್ಷ. ಪ್ರತಿ ಮಾದರಿಯದೂ ಒಂದೊಂದು ಪೆನ್ನನ್ನು ಕಾಗದಗಳ ಜೊತೆ ಐದು ವರ್ಷ ಎತ್ತಿಡು.

• ಆಫೀಸರು ಕೋಡ್ ಬದಲಿಸಿದರೆ ಮಾಲು ಬಿಡಿಸುವ ಅವಸರದಲ್ಲಿ ‘ಒಪ್ಪಿದ್ದೇನೆ’ ಅಂತ ಬರೆದುಕೊಡಬೇಡ. ನೀನು ಒಪ್ಪದಿದ್ದರೆ ಹದಿನೈದು ದಿನದೊಳಗೆ ಕಾರಣ ಸಹಿತ ಆದೇಶ ಕೊಡಬೇಕಾದದ್ದು ಅವರ ಕೆಲಸ, ಅದು ಕಸ್ಟಮ್ಸ್ ಕಾಯ್ದೆಯ ಹದಿನೇಳನೇ ಸೆಕ್ಷನ್ನಿನಲ್ಲೇ ಇದೆ. ಆ ಆದೇಶ ಕೈಗೆ ಬಂದರೆ ಅಪೀಲಿಗೆ ಅರವತ್ತು ದಿನ ಸಿಗುತ್ತದೆ. ಹಾಗಂತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡ. ಪೆನ್ನು ಬಿಚ್ಚಿ ತೋರಿಸು, ಟಿಪ್ಪಣಿ ತೆಗೆದು ಓದಿಸು. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

• ವರ್ಷವಿಡೀ ಒಂದೇ ಮಾಲು ತರಿಸುವವಳಿಗೆ ಅನುಮಾನ ಉಳಿಯಬಾರದು. ದೆಹಲಿ, ಮುಂಬೈಯಲ್ಲಿರುವ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ ಮಾಲು ಬರುವ ಮೊದಲೇ ಅರ್ಜಿ ಹಾಕಬಹುದು. ಕಾನೂನು ಬದಲಾಗದಿದ್ದರೆ ಆ ರೂಲಿಂಗ್ ಕೆಲವು ವರ್ಷ ನಡೆಯುತ್ತದೆ. ಒಂದು ಪೆಟ್ಟಿಗೆ ಪೆನ್ನಿಗೆ ಇಷ್ಟೆಲ್ಲ ಬೇಡ.

• ನಿನ್ನ ಸ್ವಂತಕ್ಕೆ ಪೋಸ್ಟಿನಲ್ಲೋ ವಿಮಾನದ ಕೊರಿಯರಿನಲ್ಲೋ ಒಂದು ಪೆನ್ನು ತರಿಸಿಕೊಂಡರೆ ಅದು 9804, ಅದರ ಲೆಕ್ಕವೇ ಬೇರೆ. ಅಂಗಡಿಯ ಮಾಲನ್ನು ಆ ದಾರಿಯಲ್ಲಿ ತುಂಡುತುಂಡಾಗಿ ತರಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಅವರಿಗೆ ಟೀ ಕುಡಿಸಿ ಕಳಿಸು.

• ಲೇಬಲ್ಲು: ಚಿಲ್ಲರೆ ಪ್ಯಾಕಿನ ಮೇಲೆ ಆಮದುದಾರಳಾದ ನಿನ್ನ ಹೆಸರು, ವಿಳಾಸ, ತಯಾರಾದ ದೇಶ, ತಿಂಗಳು, ವರ್ಷ, ಎಂಆರ್‌ಪಿ ಇರಬೇಕು, ಅದೂ ಮಾಲು ಬಿಡಿಸುವ ಮೊದಲೇ. ಸಪ್ಲೈಯರಿಗೆ ಆರ್ಡರ್ ಕೊಡುವಾಗಲೇ ಸ್ಟಿಕ್ಕರ್ ಫೈಲ್ ಕಳಿಸಿ ಅಲ್ಲೇ ಅಂಟಿಸಿ ತರಿಸು. ಇಲ್ಲವಾದರೆ ಗೋದಾಮಿನಲ್ಲಿ ಕೂಲಿ ಕೊಟ್ಟು ಒಂದೊಂದೇ ಡಬ್ಬಿಗೆ ಅಂಟಿಸುತ್ತಾ ಕೂರಬೇಕಾಗುತ್ತದೆ, ಬಾಡಿಗೆಯ ಮೀಟರ್ ಓಡುತ್ತಲೇ ಇರುತ್ತದೆ.