ಮನೆಯ ಹಾರ್ಡ್ ಡಿಸ್ಕ್, ಹಾಸ್ಟೆಲಿನ ಲ್ಯಾಪ್‌ಟಾಪ್

ಮನೆಯ ಫೋಟೋಗಳು ಅರ್ಧ ಅಮ್ಮನ ಮೊಬೈಲಿನಲ್ಲಿ, ಇನ್ನರ್ಧ ಹಳೇ ಕಂಪ್ಯೂಟರಿನಲ್ಲಿ. ನಮ್ಮ ಪ್ರಾಜೆಕ್ಟ್ ಫೈಲುಗಳೋ, ಯಾವ ಪೆನ್‌ಡ್ರೈವಿನಲ್ಲಿವೆ ಅಂತ ನಮಗೇ ಗೊತ್ತಿರಲ್ಲ. ಎಲ್ಲವನ್ನೂ ಒಂದು ಡಿಸ್ಕಿಗೆ ಹಾಕಿ ಮನೆಯ ನೆಟ್‌ವರ್ಕಿಗೆ ಸೇರಿಸಿದರೆ ಅದೇ ನೆಟ್‌ವರ್ಕ್ ಸ್ಟೋರೇಜ್. ಸಿನಾಲಜಿ, ಕ್ಯೂನ್ಯಾಪ್ ತರಹದ ಸಿದ್ಧ ಪೆಟ್ಟಿಗೆಗಳು ಸಿಗುತ್ತವೆ. ಕಲಿಯೋದಕ್ಕೆ ಮಾತ್ರ ಒಂದು ರಾಸ್ಪ್‌ಬೆರಿ ಪೈ 4, ಒಂದು ಹಾರ್ಡ್ ಡಿಸ್ಕ್ ಸಾಕು.

ಮನೆಯೊಳಗಿನ ಕೆಲಸ ಸುಲಭ. ಪೈಯನ್ನು ವೈಫೈ ಬದಲು ಲ್ಯಾನ್ ಕೇಬಲ್‌ನಿಂದ ರೂಟರಿಗೆ ಜೋಡಿಸೋಣ. ಡಿಸ್ಕಿಗೆ ಬೇರೆ ಪವರ್ ಕೊಡುವುದು ಒಳ್ಳೇದು. ಪೈನ ಯುಎಸ್‌ಬಿ ಪೋರ್ಟುಗಳೆಲ್ಲಾ ಸೇರಿ ಕೊಡೋದು 1.2 ಆಂಪಿಯರ್ ಅಷ್ಟೇ. ರೂಟರಿನಲ್ಲಿ ಪೈಗೆ ಒಂದು ವಿಳಾಸ ಕಾಯ್ದಿರಿಸಬೇಕು, ಉದಾಹರಣೆಗೆ 192.168.1.50. ಇಲ್ಲದಿದ್ದರೆ ಅದು ಬದಲಾಗುತ್ತಾ ಇರುತ್ತೆ. ಆಮೇಲೆ ಸಾಂಬಾ ಅನ್ನೋ ತಂತ್ರಾಂಶ (ಅಡುಗೆಮನೆಗೂ ಇದಕ್ಕೂ ಸಂಬಂಧವಿಲ್ಲ) ಹಾಕಿದರೆ ವಿಂಡೋಸ್, ಆಂಡ್ರಾಯ್ಡ್ ಎರಡರಲ್ಲೂ ಫೋಲ್ಡರ್ ಕಾಣುತ್ತೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬೇಡವೇ ಬೇಡ.

ತಲೆನೋವು ಶುರುವಾಗೋದು ಹಾಸ್ಟೆಲಿಗೆ ಬಂದ ಮೇಲೆ. 192.168 ಎಂದು ಶುರುವಾಗುವ ವಿಳಾಸ ಮನೆಯೊಳಗಷ್ಟೇ ಚಲಾವಣೆ. ಯೂಟ್ಯೂಬ್ ನೋಡಿದರೆ ಪರಿಹಾರ ಸಿದ್ಧ: ಪೋರ್ಟ್ ಫಾರ್ವರ್ಡಿಂಗ್ ಮಾಡಿ. ಎಷ್ಟೋ ಮನೆಗಳಲ್ಲಿ ಅದು ಕೆಲಸವನ್ನೇ ಮಾಡಲ್ಲ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಹಾಗಾಗಿ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ಇದು ವಠಾರದ ಹಾಗೆ: ಬೀದಿಗೆ ಒಂದೇ ಡೋರ್ ನಂಬರ್, ಒಳಗೆ ಹತ್ತು ಮನೆ. ಹೊರಗಿನಿಂದ ಬಂದ ಅಂಚೆಯಣ್ಣನಿಗೆ ಯಾರ ಬಾಗಿಲು ತಟ್ಟಬೇಕು ಅಂತ ತಿಳಿಯದು. ನಿಮ್ಮ ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವೂ ವಠಾರದವರೇ.

ಸ್ವಂತ ವಿಳಾಸ ಇದ್ದರೂ ಫೈಲ್ ಹಂಚುವ 445ನೇ ಪೋರ್ಟನ್ನು ಹೊರಗೆ ತೆರೆಯಲೇಬಾರದು. 2017ರ ಮೇನಲ್ಲಿ ವಾನಾಕ್ರೈ ಹರಡಿದ್ದು ವಿಂಡೋಸಿನ ಈ ಫೈಲ್ ಹಂಚಿಕೆಯ ದೋಷದಿಂದಲೇ. ಮುಂದೆ 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲುಗಳಿಗೆ ಬೀಗ ಜಡಿದು 0.03 ಬಿಟ್‌ಕಾಯಿನ್ ಕೇಳಿತು. ಅಂಥ ಪೆಟ್ಟಿಗೆಗಳಲ್ಲಿ ಜನ ಇಟ್ಟಿರೋದು ಮಕ್ಕಳ ಫೋಟೋ, ಮದುವೆ ವಿಡಿಯೋ. ಮತ್ತೆ ತೆಗೆಯೋಕೆ ಆಗದಂಥವು. ಆಗ ಕಂಪನಿಯೇ ಕೊಟ್ಟ ಸಲಹೆ: ಪೋರ್ಟ್ ಫಾರ್ವರ್ಡಿಂಗ್ ತೆಗೆಯಿರಿ, ಪೆಟ್ಟಿಗೆಯ ಯುಪಿಎನ್‌ಪಿ ಆಫ್ ಮಾಡಿ.

ಹಾಗಾದರೆ ದಾರಿ? ಬಾಗಿಲು ತೆರೆಯೋ ಬದಲು ಸುರಂಗ, ಅಂದರೆ ವಿಪಿಎನ್. 2020ರಲ್ಲಿ ಲಿನಕ್ಸ್ ಕರ್ನಲ್ 5.6ರೊಳಗೇ ಸೇರಿದ ವೈರ್‌ಗಾರ್ಡ್ ಇದಕ್ಕೆ ಚೆನ್ನಾಗಿದೆ. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡಲ್ಲ, ಅಲ್ಲೊಂದು ಸರ್ವರ್ ಇದೆ ಅನ್ನೋದೂ ತಿಳಿಯಲ್ಲ. ವಠಾರದವರಿಗೆ ಅದರ ಮೇಲೇ ಕಟ್ಟಿದ ಟೇಲ್‌ಸ್ಕೇಲ್ ಸುಲಭ. ಪೈ, ಲ್ಯಾಪ್‌ಟಾಪ್ ಎರಡೂ ಒಳಗಿನಿಂದ ಹೊರಕ್ಕೇ ಸಂಪರ್ಕ ಬೆಳೆಸಿ ನಡುವೆ ಕೈಜೋಡಿಸುತ್ತವೆ. ರೂಟರ್ ಮುಟ್ಟುವ ಹಾಗೇ ಇಲ್ಲ. ಅದಕ್ಕೆ ಲಾಗಿನ್ ಆಗುವ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಲೇಬೇಕು. ಸುರಂಗದ ಬೀಗದಕೈ ಅದೇ ತಾನೆ.

ವೇಗದ ಬಗ್ಗೆ ಆಸೆ ಕಡಿಮೆ ಇರಲಿ. ಹೊರಗಿನಿಂದ ನಾವು ಡೌನ್‌ಲೋಡ್ ಮಾಡೋದು ಮನೆಯ ಪಾಲಿಗೆ ಅಪ್‌ಲೋಡ್. ಅದು 40 ಎಂಬಿಪಿಎಸ್ ಇದ್ದರೆ 2 ಜಿಬಿ ವಿಡಿಯೋಗೆ ಏಳು ನಿಮಿಷ ಹಿಡಿಯುತ್ತೆ. ಇನ್ನು ಡಿಸ್ಕ್ ಒಂದೇ ಆದ್ದರಿಂದ, ಮುಖ್ಯವಾದವುಗಳ ಇನ್ನೊಂದು ಪ್ರತಿ ಪ್ಲಗ್ ಕಿತ್ತಿಟ್ಟ ಬೇರೊಂದು ಡಿಸ್ಕಿನಲ್ಲಿ ಇರಲಿ.

ಊರಿನಿಂದ ಬಸ್ ಹತ್ತುವ ಮೊದಲು ಎರಡು ಪರೀಕ್ಷೆ ಮಾಡಿ. ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿನಿಂದ ಫೋಲ್ಡರ್ ತೆರೆಯುತ್ತಾ ನೋಡಿ. ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಕರೆಂಟ್ ತೆಗೆದು ಮತ್ತೆ ಕೊಡಿ: ಡಿಸ್ಕ್ ತಾನಾಗೇ ಮೌಂಟ್ ಆಗಬೇಕು. ಆಗದಿದ್ದರೆ ಹಾಸ್ಟೆಲಿನಲ್ಲಿ ಕೂತು ಫೋಲ್ಡರ್ ತೆರೆದಾಗ ಖಾಲಿ ಕಾಣುತ್ತೆ, ಆಮೇಲೆ ಅಮ್ಮನಿಗೆ ಫೋನಿನಲ್ಲಿ ಲಿನಕ್ಸ್ ಕಮಾಂಡ್ ಹೇಳಿಕೊಡಬೇಕಾಗುತ್ತೆ.