ಹಳೆ ಟಿಂಟ್ ಫಿಲ್ಮ್ ಬಿಡಿಸುವುದು: ಉಷ್ಣದ ಪಾಠಕ್ಕೊಂದು ಚಟುವಟಿಕೆ

ಕೊಟ್ಟೂರಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ವೇಳೆ 8ನೇ ತರಗತಿಗೆ ಉಷ್ಣದ ಪರಿಣಾಮವನ್ನು ಈ ಚಟುವಟಿಕೆಯ ಮೂಲಕ ಬೋಧಿಸಿದೆನು.

ಸಾಮಗ್ರಿ: ಹಳೆ ಫಿಲ್ಮ್ ಅಂಟಿರುವ, ಗ್ಯಾರೇಜಿನಿಂದ ತಂದ ಕಾರಿನ ಬಾಗಿಲ ಗಾಜು, ಸೋಪಿನ ನೀರು.

ಚಟುವಟಿಕೆ: ಬೆಳಿಗ್ಗೆ ತಣ್ಣಗಿದ್ದ ಗಾಜಿನ ಅರ್ಧ ಫಿಲ್ಮನ್ನು ಎಳೆದೆವು. ಅದು ಚೂರುಚೂರಾಗಿ ಹರಿದು, ಅಂಟು ಗಾಜಿನಲ್ಲೇ ಉಳಿಯಿತು. ಮಧ್ಯಾಹ್ನ ಬಿಸಿಲಿಗಿಟ್ಟು, ಮೂಲೆ ಎಬ್ಬಿಸಿ ನಿಧಾನವಾಗಿ ಎಳೆದಾಗ ಉಳಿದರ್ಧ ಬಹುತೇಕ ಅಂಟಿನ ಸಮೇತ ಒಂದೇ ಹಾಳೆಯಾಗಿ ಬಂತು. ಉಳಿದ ಅಂಟನ್ನು ಸೋಪಿನ ನೀರಲ್ಲಿ ನೆನೆಸಿ ಉಜ್ಜಿದೆವು.

ವಿವರಣೆ: ಬಿಸಿಗೆ ಅಂಟು ಮೆದುವಾಗಿ ಗಾಜಿನ ಮೇಲಿನ ಹಿಡಿತ ಸಡಿಲಿಸುತ್ತದೆ.

“ಹಿಂದಿನ ಗಾಜನ್ನು ಬ್ಲೇಡಿನಿಂದ ಕೆರೆಯಬಹುದಾ ಸರ್?” ಎಂದನೊಬ್ಬ ವಿದ್ಯಾರ್ಥಿ. ಅನೇಕ ಕಾರುಗಳಲ್ಲಿ ಅಲ್ಲಿ ಮಂಜು ಹೋಗಲಾಡಿಸುವ ವಿದ್ಯುತ್ ಗೆರೆಗಳಿರುತ್ತವೆ. ಗೆರೆ ಕಡಿದರೆ ಮಂಡಲವೂ ಕಡಿಯುತ್ತದೆ ಎಂದು ವಿವರಿಸಿದೆನು.

ಮೌಲ್ಯಮಾಪನ: ಶೇ. 70 ಬೆಳಕು ಬಿಡುವ ಗಾಜಿಗೆ ಶೇ. 50 ಬಿಡುವ ಫಿಲ್ಮ್ ಅಂಟಿಸಿದರೆ ಒಳಬರುವ ಬೆಳಕೆಷ್ಟು? ಹಲವರು ಕಳೆದು 20 ಎಂದರು. ಗುಣಿಸಿದರೆ ಸುಮಾರು 35. ಕೇಂದ್ರ ಮೋಟಾರು ವಾಹನ ನಿಯಮ 1989ರ 100ನೇ ನಿಯಮ ಪಕ್ಕದ ಗಾಜಿಗೆ ಕನಿಷ್ಠ ಶೇ. 50 ಕೇಳುತ್ತದೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿತು. ರಾತ್ರಿ ಕೂಡ್ಲಿಗಿ ರಸ್ತೆಯಲ್ಲಿ ದೀಪವಿಲ್ಲದೆ ಸಾಗುವ ಎತ್ತಿನ ಗಾಡಿ ಚಾಲಕನಿಗೆ ಕಾಣುವುದು ಈ ಲೆಕ್ಕದ ಮೇಲೆಯೇ ನಿಂತಿದೆ.