ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಪೆಟ್ ಸ್ಕ್ಯಾನ್: ಯಾವಾಗ ಬೇಕು, ಏನು ತಿಳಿಸುತ್ತದೆ?

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಎಂಬ ಚಿಕ್ಕ ಗ್ರಂಥಿಯಿದೆ. ವಯಸ್ಸಾದಂತೆ ಇದು ದಪ್ಪವಾಗುವುದು ಸಾಮಾನ್ಯ. ದಪ್ಪವಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದ್ದರೆ ಅದು ಗ್ರಂಥಿಯನ್ನು ದಾಟಿ ದುಗ್ಧರಸ ಗ್ರಂಥಿಗಳಿಗೆ, ಬೆನ್ನುಮೂಳೆಗೆ, ಸೊಂಟ ಮತ್ತು ಪಕ್ಕೆಲುಬುಗಳಿಗೆ ಹರಡಬಹುದು. ಇಂಥ ರೋಗಿಗಳಿಗೆ ಪೆಟ್ ಸ್ಕ್ಯಾನ್ ಬರೆದುಕೊಟ್ಟಾಗ ಮನೆಯವರು ಕೇಳುವುದು ಎರಡೇ ಪ್ರಶ್ನೆ. ಮಾಡಿಸಿದರೆ ಏನು ತಿಳಿಯುತ್ತದೆ? ಇಷ್ಟು ಸಾವಿರ ಖರ್ಚು ಮಾಡಲೇಬೇಕೆ?

ಸಿ.ಟಿ. ಸ್ಕ್ಯಾನ್ ಅಂಗಗಳ ಆಕಾರವನ್ನು ತೋರಿಸುತ್ತದೆ. ಗಂಟು ಸಣ್ಣದಿದ್ದಾಗ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಬೋನ್ ಸ್ಕ್ಯಾನ್ ಮೂಳೆಯನ್ನಷ್ಟೇ ನೋಡುತ್ತದೆ. ಹಳೆಯ ಮೂಳೆಮುರಿತ, ಸಂಧಿವಾತಗಳೂ ಅದರಲ್ಲಿ ಎದ್ದು ಕಾಣುತ್ತವೆ. ಪೆಟ್ ಸ್ಕ್ಯಾನ್‌ನ ರೀತಿಯೇ ಬೇರೆ. ಅಲ್ಪ ಪ್ರಮಾಣದ ವಿಕಿರಣವುಳ್ಳ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ಹೋಗಿ ಸೇರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ.

ಆದರೆ ಪೆಟ್ ಸ್ಕ್ಯಾನ್‌ಗಳೆಲ್ಲ ಒಂದೇ ಅಲ್ಲ. ಇದನ್ನು ರೋಗಿಗಳು ಮುಖ್ಯವಾಗಿ ತಿಳಿದಿರಬೇಕು. ಇತರ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಬಳಸುವುದು ಎಫ್.ಡಿ.ಜಿ. ಎಂಬ ಸಕ್ಕರೆಯಂಥ ವಸ್ತು. ಪ್ರಾಸ್ಟೇಟ್ ಕ್ಯಾನ್ಸರ್ ಅನೇಕರಲ್ಲಿ ನಿಧಾನವಾಗಿ ಬೆಳೆಯುವಂಥದು. ಸಕ್ಕರೆಯನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಆದ್ದರಿಂದ ಎಫ್.ಡಿ.ಜಿ.ಯಲ್ಲಿ ಅದು ತಪ್ಪಿಹೋಗಬಹುದು. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಮೇಲೆ ಪಿ.ಎಸ್.ಎಂ.ಎ. ಎಂಬ ಪ್ರೋಟೀನು ಹೇರಳವಾಗಿರುತ್ತದೆ. ಅದಕ್ಕೆ ಅಂಟಿಕೊಳ್ಳುವ ಔಷಧಕ್ಕೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಸೇರಿಸಿ ಮಾಡುವುದೇ ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್. ಆಸ್ಟ್ರೇಲಿಯಾದಲ್ಲಿ ಹೆಚ್ಚು ಅಪಾಯದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 302 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡುವಿಕೆಯನ್ನು ಗುರುತಿಸುವಲ್ಲಿ ಇದರ ನಿಖರತೆ ಶೇ. 92, ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಎರಡೂ ಸೇರಿ ಶೇ. 65. ಆದ್ದರಿಂದ ಚೀಟಿಯಲ್ಲಿ ಯಾವ ಪೆಟ್ ಎಂದು ಬರೆದಿದೆಯೋ ಕೇಳಿ ತಿಳಿದುಕೊಂಡೇ ಹೊರಡಿ.

ಇನ್ನು ಖರ್ಚಿನ ಮಾತು. ಶಸ್ತ್ರಚಿಕಿತ್ಸೆ ಅಥವಾ ರೇಡಿಯೇಷನ್ ಆದ ಮೇಲೆ ರಕ್ತದಲ್ಲಿ ಪಿ.ಎಸ್.ಎ. ಮತ್ತೆ ಏರತೊಡಗಿದರೆ, ರೋಗ ಎಲ್ಲಿ ಅಡಗಿದೆ ಎಂದು ಹುಡುಕಲು ಈ ಸ್ಕ್ಯಾನ್ ಬಹಳ ಸಹಾಯಕ. ಹಾರ್ಮೋನ್ ಚಿಕಿತ್ಸೆಗೂ ಬಗ್ಗದ ರೋಗಕ್ಕೆ ಲ್ಯುಟೀಷಿಯಂ-177 ಚಿಕಿತ್ಸೆ ಕೊಡುವ ಮೊದಲು ಇದು ಬೇಕೇಬೇಕು. ಆ ಔಷಧ ಸೇರುವುದೂ ಇದೇ ಪ್ರೋಟೀನಿಗೆ. ಸ್ಕ್ಯಾನ್‌ನಲ್ಲಿ ಹೊಳೆಯದ ಗಡ್ಡೆಗೆ ಅದು ತಲುಪುವುದಿಲ್ಲ. 2021ರಲ್ಲಿ ಪ್ರಕಟವಾದ 831 ರೋಗಿಗಳ ಅಧ್ಯಯನದಲ್ಲಿ, ರೂಢಿಯ ಚಿಕಿತ್ಸೆಯ ಜೊತೆಗೆ ಲ್ಯುಟೀಷಿಯಂ ಪಡೆದವರ ಮಧ್ಯಮ ಬದುಕುಳಿಯುವ ಅವಧಿ 15.3 ತಿಂಗಳು, ಪಡೆಯದವರದು 11.3 ತಿಂಗಳು. ಇದು ರೋಗವನ್ನು ಬುಡಸಹಿತ ಕೀಳುವ ಚಿಕಿತ್ಸೆಯಲ್ಲ. ಆದರೂ ನಾಲ್ಕು ತಿಂಗಳು ಸಣ್ಣ ಮಾತೂ ಅಲ್ಲ.

ಆದರೆ ಮೂಳೆಗಳಿಗೆಲ್ಲ ಹರಡಿರುವುದು ಆಗಲೇ ಖಚಿತವಾಗಿದ್ದು, ಹಾರ್ಮೋನ್ ಚಿಕಿತ್ಸೆ ಶುರುವಾಗಬೇಕಿದ್ದರೆ, ಸ್ಕ್ಯಾನ್‌ಗಾಗಿ ಸಾಲ ಮಾಡುವ ಮೊದಲು ವೈದ್ಯರನ್ನು ನೇರವಾಗಿ ಕೇಳಿ: "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಬದಲಾಗುವುದಿಲ್ಲ ಎಂದಾದರೆ ಆ ಹಣ ಔಷಧಕ್ಕೆ ಉಳಿಯಲಿ. ಸರಕಾರಿ ಯೋಜನೆಯ ನೆರವು ಸಿಗುವುದೇ ಎಂದು ಆರೋಗ್ಯಮಿತ್ರರಲ್ಲಿ ವಿಚಾರಿಸಿ.

ವರದಿಯ ಚಿತ್ರ ನೋಡಿ ಮನೆಯವರು ಗಾಬರಿಯಾಗುವುದುಂಟು. ಜೊಲ್ಲುಗ್ರಂಥಿ, ಕಣ್ಣೀರಗ್ರಂಥಿ, ಮೂತ್ರಪಿಂಡ, ಸಣ್ಣ ಕರುಳು ಇವು ಆರೋಗ್ಯವಂತರಲ್ಲೂ ಹೊಳೆಯುತ್ತವೆ. ಹಳೆಯ ಪೆಟ್ಟು ಬಿದ್ದ ಪಕ್ಕೆಲುಬೂ ಹೊಳೆಯಬಹುದು. ಹಿಂದಿನ ಬೋನ್ ಸ್ಕ್ಯಾನ್‌ಗಿಂತ ಹೆಚ್ಚು ಚುಕ್ಕೆ ಕಂಡ ಮಾತ್ರಕ್ಕೆ ರೋಗ ಬೆಳೆದಿದೆ ಎಂದೂ ಅಲ್ಲ. ಮೊದಲೇ ಇದ್ದದ್ದು ಈಗ ಕಂಡಿರಬಹುದು. ಏನೂ ಕಾಣದಿದ್ದರೆ ರೋಗವೇ ಇಲ್ಲ ಎನ್ನುವಂತೆಯೂ ಇಲ್ಲ. ಪಿ.ಎಸ್.ಎ. ಕಡಿಮೆ ಇದ್ದಾಗ ರೋಗ ಕಾಣದಿರಬಹುದು. ಕೆಲವರ ಕ್ಯಾನ್ಸರಿನಲ್ಲಿ ಈ ಪ್ರೋಟೀನೇ ಇರುವುದಿಲ್ಲ. ಅಂಥವರಿಗೆ ಎಫ್.ಡಿ.ಜಿ. ಉಪಯೋಗಕ್ಕೆ ಬರುತ್ತದೆ.

ಪಿ.ಎಸ್.ಎಂ.ಎ. ಸ್ಕ್ಯಾನ್‌ಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ನೀರು ಚೆನ್ನಾಗಿ ಕುಡಿಯಬೇಕು. ಎಫ್.ಡಿ.ಜಿ.ಗಾದರೆ ಸುಮಾರು ಆರು ಗಂಟೆ ಏನೂ ತಿನ್ನಬಾರದು. ಬೆಳಗಿನ ಪೂಜೆಯ ಪ್ರಸಾದದ ಬಾಳೆಹಣ್ಣು, ಸಕ್ಕರೆಯೂ ಬೇಡ. ಸಕ್ಕರೆ ಕಾಯಿಲೆ ಇದ್ದವರು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿ. ಹೇಳಿದ ಸಮಯಕ್ಕೆ ತಲುಪಿ. ಗ್ಯಾಲಿಯಂ-68ರ ಶಕ್ತಿ 68 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ನಿಮಗಾಗಿ ಕಾದಿಡಲಾಗದು. ಚುಚ್ಚುಮದ್ದಿನ ನಂತರ ಸುಮಾರು ಒಂದು ಗಂಟೆ ವಿಶ್ರಾಂತಿ, ಮೂತ್ರ ಮಾಡಿ ಬಂದು ಅರ್ಧ ಗಂಟೆಯಷ್ಟು ಅಲುಗಾಡದೆ ಮಲಗುವುದು, ಇಷ್ಟೇ. ನೋವಿಲ್ಲ. ಆ ದಿನ ಗರ್ಭಿಣಿಯರಿಂದ, ಎಳೆಮಕ್ಕಳಿಂದ ಸ್ವಲ್ಪ ದೂರವಿರಿ.

ಕೊರಳಿನ ಬೆಳ್ಳಿ ಕರಡಿಗೆಯ ಬಗ್ಗೆ ಹಿರಿಯರು ಸಂಕೋಚದಿಂದ ಕೇಳುತ್ತಾರೆ. ಲೋಹ ಚಿತ್ರದಲ್ಲಿ ಗೆರೆ ಮೂಡಿಸುತ್ತದೆ, ಹಾಗಾಗಿ ತೆಗೆಯಲು ಹೇಳುತ್ತಾರೆ. ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ, ಎಲ್ಲಿ ಇರಿಸಿಕೊಳ್ಳಬಹುದೆಂದು ಅಲ್ಲಿನ ಸಿಬ್ಬಂದಿಯೊಡನೆ ಮೊದಲೇ ಮಾತಾಡಿ.

ಹಳೆಯ ಪಿ.ಎಸ್.ಎ. ವರದಿಗಳು, ಬಯಾಪ್ಸಿ ವರದಿ, ಹಾರ್ಮೋನ್ ಇಂಜೆಕ್ಷನ್ ಕೊಟ್ಟ ತಾರೀಖು ಇವೆಲ್ಲ ಜೊತೆಗಿರಲಿ. ಬೆನ್ನುನೋವಿನೊಡನೆ ಕಾಲಿನ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಸ್ಕ್ಯಾನ್‌ನ ದಿನ ಕಾಯಬೇಡಿ; ರಾತ್ರಿಯಾಗಿದ್ದರೂ ತಕ್ಷಣ ಆಸ್ಪತ್ರೆಗೆ ಬನ್ನಿ.